ಜಾತ್ರೆಯ ಛಾಯಾಚಿತ್ರ ಸ್ಪರ್ಧೆ: ಹವ್ಯಾಸಿಗಳ ಪ್ರಶ್ನೆಗಳಿಗೆ ಉತ್ತರ

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ತೇರು, ಶಿವರಾತ್ರಿಯ ಹೊತ್ತಿಗೆ ತುಮಕೂರಿನ ಸಿದ್ಧಗಂಗೆಯ ಜಾತ್ರೆ ಮತ್ತು ವಸ್ತುಪ್ರದರ್ಶನ, ನವರಾತ್ರಿಗೆ ಮೈಸೂರಿನ ದಸರಾ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ: ನಮ್ಮ ನಾಡಿನಲ್ಲಿ ಜಾತ್ರೆಯಿಲ್ಲದ ತಿಂಗಳನ್ನು ಹುಡುಕುವುದು ಕಷ್ಟ. ಇಂಥ ಜಾತ್ರೆ, ಉತ್ಸವ, ವಸ್ತುಪ್ರದರ್ಶನಗಳ ಜೊತೆಗೆ ಹವ್ಯಾಸಿಗಳಿಗಾಗಿ ಛಾಯಾಚಿತ್ರ ಸ್ಪರ್ಧೆ ಏರ್ಪಡಿಸುವುದು ಈಗ ಹಲವು ಕಡೆ ರೂಢಿಗೆ ಬಂದಿದೆ. ಮೊದಲ ಸಲ ಭಾಗವಹಿಸುವವರ ಪತ್ರಗಳು ಹೆಚ್ಚಾಗಿ ಬಂದಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೆಲವು ವರ್ಷಗಳಿಂದ ಮೊಬೈಲಿನಲ್ಲಿ ನಮ್ಮ ಕಡೆಯ ಜಾತ್ರೆ, ಸಂತೆ, ತೋಟದ ಕೆಲಸಗಳ ಫೋಟೊ ತೆಗೆಯುತ್ತಿದ್ದೇನೆ. ಈ ಸಲದ ಜಾತ್ರೆಯ ಸ್ಪರ್ಧೆಗೆ ‘ನಮ್ಮೂರ ಜನಜೀವನ’ ಎಂಬ ವಿಷಯ ಕೊಟ್ಟಿದ್ದಾರೆ. ಒಬ್ಬರು ಮೂರು ಚಿತ್ರಗಳನ್ನು ಕಳುಹಿಸಬಹುದು. ದೊಡ್ಡ ಕ್ಯಾಮೆರಾದವರ ಎದುರು ಮೊಬೈಲಿನ ಚಿತ್ರಕ್ಕೆ ಬೆಲೆ ಸಿಗುತ್ತದೆಯೇ? ಇಷ್ಟೊಂದು ಚಿತ್ರಗಳಲ್ಲಿ ಮೂರನ್ನು ಆರಿಸುವುದು ಹೇಗೆ?
ಓದುಗರೊಬ್ಬರು, ತಿಪಟೂರು

ಉತ್ತರ: ನಿಯಮಾವಳಿಯಲ್ಲಿ ಮೊಬೈಲಿನ ಚಿತ್ರ ಕೂಡದು ಎಂದು ಬರೆದಿಲ್ಲವಾದರೆ ನಿಮ್ಮ ಚಿತ್ರಕ್ಕೂ ಉಳಿದವರ ಚಿತ್ರಕ್ಕಿರುವಷ್ಟೇ ಹಕ್ಕಿದೆ. ತೀರ್ಪುಗಾರರ ಮುಂದೆ ಬರುವುದು ಚಿತ್ರವೇ ಹೊರತು ಕ್ಯಾಮೆರಾ ಅಲ್ಲ. ಆದರೂ ಮೊಬೈಲಿನ ಪರದೆಯ ಮೇಲೆ ಕಾಣದ ಕೆಲವು ಕುಂದುಗಳು ದೊಡ್ಡ ಪ್ರಿಂಟಿನಲ್ಲಿ ಎದ್ದು ಕಾಣುತ್ತವೆ ಎಂಬುದನ್ನು ತಿಳಿದಿರಬೇಕು. ಬೆರಳಿನಿಂದ ಎಳೆದು ದೂರದ್ದನ್ನು ಹತ್ತಿರ ಮಾಡಿಕೊಂಡು ತೆಗೆದ ಚಿತ್ರ ಹಿಗ್ಗಿಸಿದಾಗ ಬಣ್ಣ ಕಲಸಿದಂತೆ ಕಾಣುತ್ತದೆ. ಅದರ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಿ ತೆಗೆಯುವುದು ಯಾವಾಗಲೂ ಮೇಲು. ಹಿನ್ನೆಲೆಯನ್ನು ಮಸುಕುಗೊಳಿಸುವ ಪೋರ್ಟ್ರೇಟ್ ಮೋಡ್ ಇನ್ನೊಂದು ತೊಡಕು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತೊಂದನ್ನು ಈ ವಿಧಾನದಲ್ಲಿ ತೆಗೆದು, ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ವಿಷಯ ತಿಳಿಯುತ್ತದೆ: ಹಣೆ, ಕಣ್ಣು, ಮೂಗುದಾರ ಎಲ್ಲ ಸ್ಪಷ್ಟವಾಗಿರುತ್ತವೆ, ಆದರೆ ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು ಅರ್ಧದವರೆಗೆ ಮಾತ್ರ ಚೂಪಾಗಿದ್ದು, ಅಲ್ಲಿಂದಾಚೆಗೆ ಹಿನ್ನೆಲೆಯಲ್ಲಿ ಕರಗಿ, ತುದಿಗೆ ತೊಡಿಸಿದ ಹಿತ್ತಾಳೆಯ ಅಣಸು ಕಾಣದೇ ಹೋಗಿರುತ್ತದೆ. ಕೊಂಬು ಎಲ್ಲಿ ಮುಗಿದು ಹಿನ್ನೆಲೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮೊಬೈಲು ಊಹಿಸಿ ಮಾಡುವ ಕೆಲಸವಿದು, ಮತ್ತು ಅದರ ಊಹೆ ಅಂಚಿನಲ್ಲಿಯೇ ತಪ್ಪುತ್ತದೆ. ತೀರ್ಪುಗಾರರ ಕಣ್ಣು ನೇರವಾಗಿ ಆ ಅಂಚಿಗೇ ಹೋಗುತ್ತದೆ.

ಇನ್ನು ಆಯ್ಕೆಯ ವಿಷಯ. ಮೊದಲ ಸುತ್ತಿನಲ್ಲಿ ಒಂದೊಂದು ಚಿತ್ರಕ್ಕೆ ಸಿಗುವುದು ಕೆಲವೇ ಸೆಕೆಂಡುಗಳು. ಜಾತ್ರೆಯ ಸ್ಪರ್ಧೆ ಎಂದಾಕ್ಷಣ ಬರುವ ಚಿತ್ರಗಳಲ್ಲಿ ಬಹುಪಾಲು ದೂರದಿಂದ ತೆಗೆದ ತೇರು, ಅದರ ಮುಂದೆ ತಲೆಗಳ ಸಾಲು, ತಲೆಗಳ ಮೇಲೆ ಎತ್ತಿ ಹಿಡಿದ ಮೊಬೈಲುಗಳು. ಅವು ಕೆಟ್ಟ ಚಿತ್ರಗಳೆಂದಲ್ಲ. ಒಂದರ ಪಕ್ಕ ಒಂದನ್ನಿಟ್ಟರೆ ಯಾವುದು ಯಾರದೆಂದು ತಿಳಿಯುವುದಿಲ್ಲ. ನಿಮ್ಮಲ್ಲಿರುವ ಚಿತ್ರಗಳ ಪೈಕಿ, ನಿಮ್ಮೂರಿನಲ್ಲಿ ಬದುಕದ ಇನ್ನೊಬ್ಬರಿಗೆ ತೆಗೆಯಲು ಸಾಧ್ಯವೇ ಇರದಿದ್ದ ಚಿತ್ರ ಯಾವುದು ಎಂದು ಕೇಳಿಕೊಳ್ಳಿ. ತಿಪಟೂರಿನವರಾದ ನಿಮಗೆ ಕೊಬ್ಬರಿಯ ಲೋಕ ಒಳಗಿನಿಂದ ಗೊತ್ತಿರುತ್ತದೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಸದ್ದು ಮಾಡುವ ಕಾಯಿಯನ್ನು ಸುಲಿದು, ಗಿಟುಕು ಒಡೆಯದಂತೆ ಚಿಪ್ಪನ್ನು ಮಾತ್ರ ಬಿಡಿಸುವ ಹೆಂಗಸರ ಕೈಯ ಲೆಕ್ಕ, ಹೆಂಚಿನ ಸಂದಿಯಿಂದ ಧೂಳಿನ ಮೇಲೆ ಬೀಳುವ ಬಿಸಿಲು, ಗಾತ್ರಕ್ಕೆ ತಕ್ಕಂತೆ ಬೇರೆ ಮಾಡಿದ ರಾಶಿಗಳು: ಇವು ಒಂದು ದಿನ ಕ್ಯಾಮೆರಾ ಹಿಡಿದು ಬಂದು ಹೋಗುವವರ ಕಣ್ಣಿಗೆ ಬೀಳುವುದಿಲ್ಲ. ವಿಷಯ ‘ನಮ್ಮೂರ ಜನಜೀವನ’ ಎಂದಿರುವಾಗ ಇದಕ್ಕಿಂತ ಸರಿಯಾದ ಉತ್ತರ ಬೇರೆ ಬೇಕಿಲ್ಲ.

ಮೂರಕ್ಕೆ ಇಳಿಸುವ ಮೊದಲು ಹದಿನೈದು, ಇಪ್ಪತ್ತು ಚಿತ್ರಗಳನ್ನು 4x6 ಇಂಚಿನ ಚಿಕ್ಕ ಪ್ರಿಂಟ್ ಮಾಡಿಸಿ ಗೋಡೆಗೆ ಅಂಟಿಸಿಡಿ. ಖರ್ಚು ಅಲ್ಪ, ಪ್ರಯೋಜನ ದೊಡ್ಡದು. ದಿನವೂ ಓಡಾಡುವಾಗ ನೋಡುತ್ತಿದ್ದರೆ ಒಂದು ವಾರದೊಳಗೆ ಕೆಲವು ಚಿತ್ರಗಳು ತಾವಾಗಿಯೇ ಸಪ್ಪೆಯಾಗುತ್ತವೆ, ಕೆಲವು ಉಳಿಯುತ್ತವೆ. ಆಗ ಚಿತ್ರದ ನಡುಭಾಗವನ್ನು ಬಿಟ್ಟು ನಾಲ್ಕು ಅಂಚುಗಳನ್ನು ನೋಡಿ. ಅರ್ಧ ಕತ್ತರಿಸಿದ ಕೈ, ತಲೆಯ ಹಿಂದಿನಿಂದ ಎದ್ದಂತೆ ಕಾಣುವ ವಿದ್ಯುತ್ ಕಂಬ, ಮೂಲೆಯಲ್ಲೊಂದು ಬಿಳಿಯ ಪ್ಲಾಸ್ಟಿಕ್ ಕುರ್ಚಿ ಇದ್ದರೆ ಕಣ್ಣು ಮುಖವನ್ನು ಬಿಟ್ಟು ಅಲ್ಲಿಗೆ ಹೋಗುತ್ತದೆ. ಮಕ್ಕಳ ಪಾಠ, ಮನೆಯವರ ನೆನಪು ಇತ್ಯಾದಿಗಳ ನಂಟಿರುವ ಚಿತ್ರಗಳ ಬಗ್ಗೆ ಸ್ವಲ್ಪ ಕಠಿಣವಾಗಿಯೇ ಇರಬೇಕಾಗುತ್ತದೆ, ಏಕೆಂದರೆ ಆ ನೆನಪು ನಿಮ್ಮಲ್ಲಿದೆ, ಚಿತ್ರದಲ್ಲಿ ಇಲ್ಲ. ಆ ಜನರ ಪರಿಚಯವೇ ಇಲ್ಲದ ಒಬ್ಬರಿಗೆ ತೋರಿಸಿ, ಅವರು ಯಾವ ಚಿತ್ರದ ಮುಂದೆ ನಿಲ್ಲುತ್ತಾರೆ ಎಂಬುದನ್ನು ಗಮನಿಸಿ. ‘ಚೆನ್ನಾಗಿದೆ’ ಎಂಬ ಅವರ ಮಾತಿಗಿಂತ ಅದು ಹೆಚ್ಚು ಹೇಳುತ್ತದೆ. ಕೊನೆಯದಾಗಿ, ಮೂರು ಚಿತ್ರಗಳಿಗೆ ಅವಕಾಶವಿದೆಯೆಂದು ಒಂದೇ ದೃಶ್ಯದ ಮೂರು ಕೋನಗಳನ್ನು ಕಳುಹಿಸಬೇಡಿ. ಹಾಗೆ ಮಾಡಿದರೆ ಯಾವುದು ಒಳ್ಳೆಯದೆಂಬ ನಿರ್ಧಾರವನ್ನು ನೀವು ಮಾಡದೆ ತೀರ್ಪುಗಾರರ ಹೆಗಲಿಗೆ ಹಾಕಿದಂತಾಗುತ್ತದೆ.

ಪ್ರಶ್ನೆ: ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಯೊಂದರ ಟೆಂಟಿನ ಎದುರು ರಾತ್ರಿ ತೆಗೆದ ಚಿತ್ರವನ್ನು ಸ್ಪರ್ಧೆಗಾಗಿ 12x18 ಇಂಚು ಪ್ರಿಂಟ್ ಮಾಡಿಸಿದೆ. ಫೋನಿನಲ್ಲಿ ನೋಡಿದಾಗ ಬಹಳ ಚಂದವಿದ್ದ ಚಿತ್ರ ಕಾಗದದ ಮೇಲೆ ಕಪ್ಪಾಗಿ, ಮುಖಗಳು ಮಸುಕಾಗಿ ಬಂದವು. ಮೇಲಿನ ಬೋರ್ಡಿನಲ್ಲಿದ್ದ ನಾಟಕದ ಹೆಸರೇ ಅರ್ಧ ಕತ್ತರಿಸಿ ಹೋಯಿತು. ಸ್ಟುಡಿಯೊಕ್ಕೆ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೆ. ತಪ್ಪು ಯಾರದು?
ಓದುಗರೊಬ್ಬರು, ಬಾದಾಮಿ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ, ಮೂರಕ್ಕೂ ಕಾರಣ ಬೇರೆ. ಹೆಸರು ಕತ್ತರಿಸಿ ಹೋದದ್ದು ಅಳತೆಯ ಕಾರಣದಿಂದ. ಬಹುತೇಕ ಮೊಬೈಲುಗಳ ಚಿತ್ರದ ಅಗಲ ಮತ್ತು ಎತ್ತರದ ಅನುಪಾತ 4:3. 12x18 ಇಂಚಿನ ಕಾಗದದ ಅನುಪಾತ 3:2. ಕಾಗದ ಪೂರ್ತಿ ತುಂಬುವಂತೆ ಪ್ರಿಂಟ್ ಮಾಡಬೇಕೆಂದರೆ ಚಿತ್ರದ ಎತ್ತರದಲ್ಲಿ ಒಂಬತ್ತನೆಯ ಒಂದು ಭಾಗವನ್ನು ಕತ್ತರಿಸಲೇಬೇಕು. ಎಲ್ಲಿ ಕತ್ತರಿಸಬೇಕೆಂದು ನೀವು ಹೇಳದಿದ್ದರೆ ಯಂತ್ರವೇ ಮೇಲೆ ಕೆಳಗೆ ಸಮನಾಗಿ ಕತ್ತರಿಸುತ್ತದೆ. ಆದ್ದರಿಂದ ಸ್ಟುಡಿಯೊಕ್ಕೆ ಕೊಡುವ ಮೊದಲೇ ಮೊಬೈಲಿನ ಎಡಿಟ್ ಪರದೆಯಲ್ಲಿ 3:2 ಆರಿಸಿ ನೀವೇ ಕ್ರಾಪ್ ಮಾಡಿ. ಅಂಚಿನಲ್ಲಿ ಕಾಗದ ಕತ್ತರಿಸುವಾಗ ಇನ್ನೂ ಸ್ವಲ್ಪ ಹೋಗುವ ಸಂಭವ ಇರುವುದರಿಂದ ಅಕ್ಷರಗಳು ಅಂಚಿಗೆ ತಾಗದಂತೆ ಜಾಗ ಬಿಡಿ. ಏನನ್ನೂ ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ 12x18ರ ಕಾಗದದಲ್ಲೇ 12x16ರ ಚಿತ್ರವನ್ನು ಎರಡು ಬದಿ ಬಿಳಿ ಬಿಟ್ಟು ಮಾಡಿಸಬಹುದು, ಆದರೆ ನಿಯಮಾವಳಿ ಬಿಳಿ ಅಂಚನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಮುಖಗಳು ಮಸುಕಾದದ್ದು ವಾಟ್ಸ್‌ಆ್ಯಪ್‌ನಿಂದ. ಸಾಮಾನ್ಯ ರೀತಿಯಲ್ಲಿ ಕಳುಹಿಸಿದಾಗ ಅದು ಚಿತ್ರವನ್ನು ಕುಗ್ಗಿಸಿ ಉದ್ದನೆಯ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. 18 ಇಂಚಿಗೆ 1600 ಎಂದರೆ ಒಂದು ಇಂಚಿಗೆ 90 ಪಿಕ್ಸೆಲ್ ಕೂಡ ಆಗಲಿಲ್ಲ. ಅದೇ 12 ಮೆಗಾಪಿಕ್ಸೆಲ್‌ನ ಮೂಲ ಚಿತ್ರದಲ್ಲಿ ಉದ್ದನೆಯ ಬದಿ ಸುಮಾರು 4000 ಪಿಕ್ಸೆಲ್ ಇರುತ್ತದೆ, ಇಂಚಿಗೆ 220ರಷ್ಟು ಸಿಗುತ್ತದೆ. ಗೋಡೆಗೆ ಹಾಕಿ ಒಂದು ಮಾರು ದೂರದಿಂದ ನೋಡುವ ಪ್ರಿಂಟಿಗೆ ಅದು ಧಾರಾಳವಾಗಿ ಸಾಕು. ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲೇ ‘ಡಾಕ್ಯುಮೆಂಟ್’ ಆಗಿ ಕಳುಹಿಸಿ, ಇಲ್ಲವೇ ಇಮೇಲ್ ಮಾಡಿ.

ಕಪ್ಪಾದದ್ದಕ್ಕೆ ಕಾರಣ ನಿಮ್ಮ ಫೋನಿನ ಪರದೆ. ಪರದೆ ತಾನೇ ಬೆಳಕು ಬೀರುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಕತ್ತಲಲ್ಲಿ ತೆಗೆದ ಟೆಂಟಿನ ಚಿತ್ರ ಪರದೆಯ ಬೆಳಕನ್ನು ಪೂರ್ತಿ ಏರಿಸಿ ನೋಡಿದಾಗ ಹೊಳೆಯುತ್ತಿದ್ದರೆ ಪ್ರಿಂಟಿನಲ್ಲಿ ಹೊಳೆಯುವುದಿಲ್ಲ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ನೋಡಿ, ಆಗ ಮುಖಗಳು ಕತ್ತಲೆಗೆ ಸರಿದರೆ ನೆರಳಿನ ಭಾಗವನ್ನಷ್ಟೇ ಸ್ವಲ್ಪ ಎತ್ತಿ. ದೀಪಗಳ ಸಾಲನ್ನು ಎತ್ತಬೇಡಿ. ಬಲ್ಬಿನ ಸುತ್ತ ಬಣ್ಣ ಅಳಿಸಿ ಹೋದರೆ ನಾಟಕದ ಟೆಂಟಿನ ರಾತ್ರಿಯೇ ಇಲ್ಲವಾಗುತ್ತದೆ. ಮೊದಲು ಒಂದು ಚಿಕ್ಕ ಪ್ರಿಂಟ್ ತೆಗೆಸಿ ಹಗಲಿನ ಬೆಳಕಿನಲ್ಲಿ ನೋಡಿ, ನಂತರ ದೊಡ್ಡದಕ್ಕೆ ಹೇಳಿ.

ಕಾಗದ ಹೊಳಪಿಲ್ಲದ ಮ್ಯಾಟ್ ಇರಲಿ. ಶಾಮಿಯಾನದೊಳಗೆ ಟ್ಯೂಬ್‌ಲೈಟ್‌ಗಳ ಕೆಳಗೆ ತೂಗು ಹಾಕುವ ಗ್ಲಾಸಿ ಪ್ರಿಂಟಿನಲ್ಲಿ ನೋಡುವವರಿಗೆ ಟ್ಯೂಬ್‌ಲೈಟೇ ಕಾಣುತ್ತದೆ. ಸನ್‌ಬೋರ್ಡ್ ಎಂಬ ಹಗುರ ಹಲಗೆಗೆ ಅಂಟಿಸಿ ಕೊಡಬೇಕೆಂದಿದ್ದರೆ ಸ್ಟುಡಿಯೊದವರಿಂದಲೇ ಮಾಡಿಸಿ, ಮನೆಯಲ್ಲಿ ಅಂಟು ಹಚ್ಚಿದರೆ ಗುಳ್ಳೆ ಏಳುತ್ತದೆ. ಹೆಸರು, ವಿಳಾಸ, ಚಿತ್ರದ ಶೀರ್ಷಿಕೆ ಹಿಂಬದಿಯಲ್ಲಿ ಮಾತ್ರ ಇರಬೇಕು. ಮುಂಬದಿಯಲ್ಲಿ ಹೆಸರೋ ವಾಟರ್‌ಮಾರ್ಕೋ ಇದ್ದರೆ ಅನೇಕ ಕಡೆ ಚಿತ್ರವನ್ನು ನೋಡದೆಯೇ ಬದಿಗಿಡುತ್ತಾರೆ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರದ ಅಚ್ಚು ಮುಂದಕ್ಕೆ ಮೂಡುತ್ತದೆ, ಆದ್ದರಿಂದ ಬೇರೆ ಚೀಟಿಯಲ್ಲಿ ಬರೆದು ಅಂಟಿಸಿ.

ಪ್ರಶ್ನೆ: ನಾನು ಪಾಲ್ಗೊಳ್ಳಬೇಕೆಂದಿರುವ ಉತ್ಸವದ ಸ್ಪರ್ಧೆಯ ನಿಯಮಾವಳಿಯಲ್ಲಿ ‘ಬಂದ ಎಲ್ಲ ಚಿತ್ರಗಳ ಸಂಪೂರ್ಣ ಹಕ್ಕು ಸಮಿತಿಗೆ ಸೇರಿದ್ದು, ಅವುಗಳನ್ನು ಯಾವಾಗ ಬೇಕಾದರೂ ಹೇಗೆ ಬೇಕಾದರೂ ಬಳಸಬಹುದು’ ಎಂದಿದೆ. ಸ್ನೇಹಿತರು ಎಲ್ಲ ಕಡೆ ಹೀಗೇ ಇರುತ್ತದೆ, ಸುಮ್ಮನೆ ಕಳುಹಿಸು ಎನ್ನುತ್ತಾರೆ. ಒಪ್ಪಬಹುದೇ?
ಓದುಗರೊಬ್ಬರು, ಸಾಗರ

ಉತ್ತರ: ಒಪ್ಪಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಎಂದರೆ ಅದನ್ನು ತೆಗೆದವರು. ಯಾರೋ ಹಣ ಕೊಟ್ಟು ತಮಗಾಗಿ ತೆಗೆಸಿದ ಚಿತ್ರ, ನೌಕರಿಯ ಭಾಗವಾಗಿ ತೆಗೆದ ಚಿತ್ರ ಮುಂತಾದವುಗಳ ಲೆಕ್ಕ ಬೇರೆ. ಹವ್ಯಾಸಕ್ಕಾಗಿ ನೀವಾಗಿ ತೆಗೆದ ಚಿತ್ರದ ಮೊದಲ ಹಕ್ಕುದಾರರು ನೀವೇ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಹಕ್ಕು ತೆಗೆದವರ ಜೀವಿತಾವಧಿಗೂ ಆಮೇಲಿನ 60 ವರ್ಷಗಳಿಗೂ ಇರುತ್ತದೆ. ಇಷ್ಟು ದೀರ್ಘವಾದ ಹಕ್ಕನ್ನು ಒಂದು ಪ್ರಶಸ್ತಿಪತ್ರದ ಆಸೆಗೆ, ಅದೂ ಬಹುಮಾನ ಬರದಿದ್ದರೂ, ಬಿಟ್ಟುಕೊಡುವುದಕ್ಕೆ ಅರ್ಥವಿಲ್ಲ.

ಹಕ್ಕಿನ ವರ್ಗಾವಣೆಗೆ ಕಾಯ್ದೆಯ 19ನೆಯ ಕಲಮು ಕೆಲವು ಕಟ್ಟುಗಳನ್ನು ಹಾಕಿದೆ. ವರ್ಗಾವಣೆ ಲಿಖಿತವಾಗಿರಬೇಕು, ಹಕ್ಕು ಕೊಡುವವರ ಸಹಿ ಇರಬೇಕು, ಯಾವ ಕೃತಿಯ ಯಾವ ಹಕ್ಕು ಎಂಬುದು ಗುರುತಾಗಬೇಕು. ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಬೇಕೆಂದು ಅದೇ ಕಲಮು ಹೇಳುತ್ತದೆ. ಹಾಗಾಗಿ ಭಿತ್ತಿಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಒಂದು ಸಾಲಿನಿಂದಲೇ ನಿಮ್ಮ ಚಿತ್ರ ಶಾಶ್ವತವಾಗಿ ಸಮಿತಿಯದಾಗುವುದಿಲ್ಲ. ಆದರೆ ನೀವು ಸಹಿ ಮಾಡಿ ಕೊಡುವ ಪ್ರವೇಶಪತ್ರದಲ್ಲೂ ಅದೇ ಸಾಲು ಇದ್ದರೆ ವಾದ ಜಟಿಲವಾಗುತ್ತದೆ, ಆದ್ದರಿಂದ ಸಹಿಗೆ ಮೊದಲು ಓದಿ. ಇದರ ಜೊತೆಗೆ 57ನೆಯ ಕಲಮು ಇನ್ನೊಂದು ರಕ್ಷಣೆಯನ್ನು ಕೊಟ್ಟಿದೆ: ಹಕ್ಕನ್ನು ಬೇರೆಯವರಿಗೆ ಕೊಟ್ಟ ಮೇಲೂ ಈ ಚಿತ್ರ ತೆಗೆದವರು ನಾವು ಎಂದು ಹೇಳಿಕೊಳ್ಳುವ ಮತ್ತು ನಮ್ಮ ಗೌರವಕ್ಕೆ ಕುಂದು ತರುವಂತೆ ಚಿತ್ರವನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಅಧಿಕಾರ ಕರ್ತೃವಿನಲ್ಲೇ ಉಳಿಯುತ್ತದೆ.

ಎಲ್ಲ ಷರತ್ತುಗಳೂ ಅನ್ಯಾಯದವಲ್ಲ ಎಂಬುದನ್ನೂ ಹೇಳಬೇಕು. ಬಹುಮಾನಿತ ಚಿತ್ರಗಳನ್ನು ಮುಂದಿನ ವರ್ಷದ ಆಹ್ವಾನಪತ್ರಿಕೆಯಲ್ಲಿ, ಸ್ಮರಣಸಂಚಿಕೆಯಲ್ಲಿ, ಉತ್ಸವದ ಪ್ರಚಾರದಲ್ಲಿ ಛಾಯಾಗ್ರಾಹಕರ ಹೆಸರಿನೊಂದಿಗೆ ಬಳಸುತ್ತೇವೆ ಎಂದರೆ ಅದು ಸಹಜವಾದ ಬೇಡಿಕೆ, ಸಂತೋಷದಿಂದ ಒಪ್ಪಬಹುದು. ಸಮಿತಿಗೆ ಒಂದು ವಿನಯದ ಪತ್ರ ಬರೆದು, ಬಳಕೆ ಪ್ರಚಾರಕ್ಕೆ ಮಾತ್ರ ಸೀಮಿತವೇ, ಹೆಸರು ಹಾಕುತ್ತೀರಾ, ಬಹುಮಾನ ಬರದ ಚಿತ್ರಗಳನ್ನು ಏನು ಮಾಡುತ್ತೀರಿ ಎಂದು ಕೇಳಿ. ಅನೇಕ ಸಲ ಆ ಸಾಲು ಹಳೆಯ ಯಾವುದೋ ನಿಯಮಾವಳಿಯಿಂದ ನಕಲಾಗಿ ಬಂದಿರುತ್ತದೆ, ಕೇಳುವವರಿಲ್ಲದೆ ಹಾಗೆಯೇ ಮುಂದುವರಿದಿರುತ್ತದೆ. ಉತ್ತರ ಬರದಿದ್ದರೆ ಬೇರೆ ಸ್ಪರ್ಧೆ ನೋಡಿ.

ಪ್ರಶ್ನೆ: ನಮ್ಮ ಅಡಿಕೆ ತೋಟದ ಬೇಲಿಯಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಮರಿಗಳಿಗೆ ತಾಯಿ ಹುಳ ಕೊಡುವ ಒಳ್ಳೆಯ ಚಿತ್ರ ಸಿಕ್ಕಿದೆ. ಕೊಕ್ಕಿಗೆ ಅಡ್ಡ ಬಂದಿದ್ದ ಒಂದು ಒಣಕಡ್ಡಿಯನ್ನು ಮಾತ್ರ ಆ್ಯಪ್‌ನಲ್ಲಿ ಅಳಿಸಿದ್ದೇನೆ. ಇದನ್ನು ವನ್ಯಜೀವಿ ವಿಭಾಗಕ್ಕೆ ಕಳುಹಿಸಬಹುದೇ?
ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಕಳುಹಿಸಬೇಡಿ. ಕಾರಣ ಎರಡು, ಅವುಗಳಲ್ಲಿ ಗೂಡಿನದು ದೊಡ್ಡದು. ಚಿತ್ರ ಸ್ಪಷ್ಟವಾಗಲೆಂದು ಎಲೆಗಳನ್ನು ಸರಿಸಿದ ಗೂಡಿಗೆ ಬಿಸಿಲೂ ಬೀಳುತ್ತದೆ, ಕಾಗೆಯ ಕಣ್ಣೂ ಬೀಳುತ್ತದೆ. ಮನುಷ್ಯರು ಹತ್ತಿರ ನಿಂತಷ್ಟು ಹೊತ್ತು ತಾಯಿ ದೂರದ ಕೊಂಬೆಯಲ್ಲಿ ಕೂಗುತ್ತಾ ಕೂರುತ್ತದೆ, ಮರಿಗಳು ಹಸಿದಿರುತ್ತವೆ. ನೀವು ಜಾಗ್ರತೆಯಿಂದ ತೆಗೆದಿರಬಹುದು. ಆದರೆ ಆ ಚಿತ್ರಕ್ಕೆ ಬಹುಮಾನ ಬಂದು ಜಾತ್ರೆಯಲ್ಲಿ ಸಾವಿರಾರು ಜನ ನೋಡಿದರೆ ಮುಂದಿನ ವರ್ಷ ಎಷ್ಟು ಬೇಲಿಗಳಲ್ಲಿ ಎಷ್ಟು ಗೂಡುಗಳನ್ನು ಹುಡುಕಲಾಗುತ್ತದೆ ಎಂದು ಯೋಚಿಸಿ. ಈ ಕಾರಣಕ್ಕಾಗಿಯೇ ಭಾರತದ ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥ ವನ್ಯಜೀವಿ ಛಾಯಾಗ್ರಾಹಕರು ದುಡಿದ ನಾಡು ನಮ್ಮದು. ಆ ಪರಂಪರೆಗೆ ಸೇರಬಯಸುವವರಿಗೆ ಹಕ್ಕಿಯ ಕ್ಷೇಮ ಚಿತ್ರಕ್ಕಿಂತ ಮೊದಲು ಬರಬೇಕು.

ಎರಡನೆಯದು ಒಣಕಡ್ಡಿ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಎಫ್‌ಐಎಪಿ ಮತ್ತು ಅಮೆರಿಕದ ಛಾಯಾಗ್ರಾಹಕರ ಸಂಘವಾದ ಪಿಎಸ್‌ಎ ಒಪ್ಪಿರುವ ನಿಸರ್ಗ ಛಾಯಾಚಿತ್ರದ ವ್ಯಾಖ್ಯೆಯಂತೆ ಚಿತ್ರದಲ್ಲಿರುವುದನ್ನು ಕ್ರಾಪ್ ಮಾಡಿ ಹೊರಗಿಡಬಹುದೇ ಹೊರತು ಒಳಗಿನಿಂದ ಅಳಿಸುವಂತಿಲ್ಲ, ಹೊಸದನ್ನು ಸೇರಿಸುವಂತಿಲ್ಲ. ಬೆಳಕು, ಬಣ್ಣಗಳನ್ನು ಸಹಜವಾಗಿ ಕಾಣುವಷ್ಟು ತಿದ್ದಬಹುದು, ಪೂರ್ತಿ ಕಪ್ಪುಬಿಳುಪು ಮಾಡಬಹುದು. ನಮ್ಮ ಕಡೆಯ ಚಿಕ್ಕ ಸ್ಪರ್ಧೆಗಳ ವನ್ಯಜೀವಿ ವಿಭಾಗಗಳೂ ಸಾಮಾನ್ಯವಾಗಿ ಇದನ್ನೇ ಅನುಸರಿಸುತ್ತವೆ, ಸಂದೇಹ ಬಂದರೆ ಮೂಲ ಫೈಲು ಕೇಳುತ್ತವೆ. ಮೂಲ ಫೈಲನ್ನು ಎಂದೂ ಅಳಿಸಬೇಡಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲೇ 2009ರ ಅಗ್ರ ಪ್ರಶಸ್ತಿ ಪಡೆದ ತೋಳದ ಚಿತ್ರವನ್ನು, ಅದು ಪಳಗಿಸಿದ ತೋಳವಿರಬೇಕೆಂಬ ತೀರ್ಮಾನದ ಮೇಲೆ 2010ರಲ್ಲಿ ಅನರ್ಹಗೊಳಿಸಲಾಯಿತು. ಅಲ್ಲಿಯೇ 2017ರಲ್ಲಿ ಗೆದ್ದ ಇರುವೆಭಕ್ಷಕದ ಚಿತ್ರ, ಅದು ಜೀವಂತ ಪ್ರಾಣಿಯಲ್ಲ, ಒಳಗೆ ತುಂಬಿ ನಿಲ್ಲಿಸಿದ ಚರ್ಮದ ಪ್ರತಿಕೃತಿ ಇರಬೇಕೆಂಬ ಕಾರಣಕ್ಕೆ ಮರುವರ್ಷ ಪಟ್ಟಿಯಿಂದ ಹೊರಬಿತ್ತು.

ಇದೇ ಸಂದರ್ಭದಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಕೇಳಿದ ಹಲವರಿಗೂ ಉತ್ತರಿಸಿಬಿಡುತ್ತೇವೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಕೃತಕ ಬುದ್ಧಿಮತ್ತೆಯಿಂದ ರಚಿಸಿದ ಚಿತ್ರವೊಂದಕ್ಕೆ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಬಹುಮಾನ ಬಂದಾಗ, ಇದು ಛಾಯಾಚಿತ್ರವಲ್ಲ ಎಂದು ಹೇಳಿ ತಾವೇ ಅದನ್ನು ನಿರಾಕರಿಸಿದರು. ತೇರಿನ ಹಿಂದಿನ ಬೋಳು ಆಕಾಶಕ್ಕೆ ಮೋಡ ಸೇರಿಸುವುದು, ಖಾಲಿ ಜಾಗದಲ್ಲಿ ಜನ ತುಂಬಿಸುವುದು ಇಂದು ಒಂದು ಗುಂಡಿಯ ಕೆಲಸ. ಜಾತ್ರೆಯ ಚಿತ್ರದಲ್ಲಿ ಮಾತ್ರ ಅದು ಆ ಊರಿನವರಿಗೆ ಸುಳ್ಳು ಹೇಳಿದಂತೆ.

ಪ್ರಶ್ನೆ: ಜಾತ್ರೆಯಲ್ಲಿ ಅಪರಿಚಿತರ ಮುಖದ ಚಿತ್ರ ತೆಗೆದು ಸ್ಪರ್ಧೆಗೆ ಕಳುಹಿಸಲು ಅವರ ಒಪ್ಪಿಗೆ ಬೇಕೇ?
ಓದುಗರೊಬ್ಬರು, ಮಂಡ್ಯ

ಉತ್ತರ: ಜನಜಂಗುಳಿಯ ಚಿತ್ರದಲ್ಲಿ ಪ್ರತಿಯೊಬ್ಬರ ಒಪ್ಪಿಗೆ ಪಡೆಯಲಾಗದು, ಯಾರೂ ಅದನ್ನು ನಿರೀಕ್ಷಿಸುವುದೂ ಇಲ್ಲ. ಒಬ್ಬರ ಮುಖವೇ ಚಿತ್ರವಾಗಿದ್ದರೆ ಕೇಳಿ. ತೆಗೆದ ಮೇಲಾದರೂ ಪರದೆಯಲ್ಲಿ ತೋರಿಸಿ, ಸ್ಪರ್ಧೆಯ ವಿಷಯ ಹೇಳಿ. ಮಕ್ಕಳಾದರೆ ಹೆತ್ತವರನ್ನು ಕೇಳಲೇಬೇಕು. ಹೊಳೆಯಲ್ಲಿ ಮೀಯುವವರು, ಮೈಮೇಲೆ ದೇವರು ಬಂದವರು, ದಣಿದು ಮಲಗಿದವರು ಕ್ಯಾಮೆರಾದ ಕಡೆ ಗಮನವಿಲ್ಲದ ಸ್ಥಿತಿಯಲ್ಲಿರುತ್ತಾರೆ, ಅಲ್ಲಿ ಕ್ಯಾಮೆರಾ ಇಳಿಸುವುದೇ ಸರಿ. ಗರ್ಭಗುಡಿಯ ಚಿತ್ರಕ್ಕೆ ಅನೇಕ ದೇವಸ್ಥಾನಗಳಲ್ಲಿ ನಿಷೇಧವಿದೆ, ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಡ್ರೋನ್ ಹಾರಿಸುವ ಯೋಚನೆಯಿದ್ದರೆ ಸಮಿತಿ ಮತ್ತು ಪೊಲೀಸರ ಅನುಮತಿಯಿಲ್ಲದೆ ಜನರ ತಲೆಯ ಮೇಲೆ ಹಾರಿಸಬೇಡಿ.

ಪ್ರಶ್ನೆ: ನಮ್ಮ ತಂದೆ ಹವ್ಯಾಸಿ ಛಾಯಾಗ್ರಾಹಕರಾಗಿದ್ದರು. 1960ರ ದಶಕದಲ್ಲಿ ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ಅವರು ತೆಗೆದ ಹಂಪಿಯ ತೇರು, ಅಂಗಡಿಸಾಲು, ಚಕ್ಕಡಿಗಳ ನೆಗೆಟಿವ್‌ಗಳು ತಗಡಿನ ಪೆಟ್ಟಿಗೆಯಲ್ಲಿವೆ. ಅವರು ಈಗಿಲ್ಲ. ಇವುಗಳಿಂದ ಪ್ರಿಂಟ್ ಮಾಡಿಸಿ ಸ್ಪರ್ಧೆಗೆ ಕಳುಹಿಸಬಹುದೇ?
ಓದುಗರೊಬ್ಬರು, ಹೊಸಪೇಟೆ

ಉತ್ತರ: ನಿಮ್ಮ ಹೆಸರಿನಲ್ಲಿ ಕಳುಹಿಸುವಂತಿಲ್ಲ. ಹಕ್ಕು ವಾರಸುದಾರರಾಗಿ ನಿಮಗೆ ಬಂದಿರಬಹುದು, ಆದರೆ ಕರ್ತೃ ನಿಮ್ಮ ತಂದೆ. ಸ್ಪರ್ಧೆ ಕೇಳುವುದು ಭಾಗವಹಿಸುವವರೇ ತೆಗೆದ ಚಿತ್ರವನ್ನು. ಆದರೂ ಈ ಪೆಟ್ಟಿಗೆಯನ್ನು ಮುಚ್ಚಿಡಬೇಡಿ ಎಂದು ಕೇಳಿಕೊಳ್ಳುತ್ತೇವೆ. ಸಂಘಟಕರನ್ನು ಕಂಡು, ಸ್ಪರ್ಧೆಯ ಹೊರಗೆ, ತಂದೆಯವರ ಹೆಸರಿನಲ್ಲಿಯೇ ಹತ್ತು ಹನ್ನೆರಡು ಪ್ರಿಂಟ್‌ಗಳ ಒಂದು ಚಿಕ್ಕ ಪ್ರದರ್ಶನಕ್ಕೆ ಜಾಗ ಕೇಳಿ. ನಿಮ್ಮೂರಿನ ಹತ್ತಿರದ್ದೇ ಒಂದು ನಿದರ್ಶನವಿದೆ. 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಹವ್ಯಾಸಿ, ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಚಿತ್ರಿಸಿದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿತ್ತು, ಇಂದು ಅದು ಇಲ್ಲ. ಅದು ಹೇಗಿತ್ತೆಂದು ನಾವು ನೋಡಬಲ್ಲೆವಾದರೆ ಆ ಚಿತ್ರದಿಂದ. ನಿಮ್ಮ ತಂದೆಯವರ ಅಂಗಡಿಸಾಲು, ಚಕ್ಕಡಿಗಳೂ ಈಗ ಅದೇ ಜಾಗದಲ್ಲಿ ಹಾಗೆ ಇಲ್ಲ.

ನೆಗೆಟಿವ್‌ಗಳನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ, ಹತ್ತಿಯ ಕೈಗವಸು ಇದ್ದರೆ ಒಳ್ಳೆಯದು. ಪೆಟ್ಟಿಗೆ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಫಿಲ್ಮಿನ ತಳಹದಿಯೇ ಕೆಡುತ್ತಿದೆ ಎಂದರ್ಥ. ಅಂಥವನ್ನು ಉಳಿದವುಗಳಿಂದ ಬೇರೆ ಮಾಡಿ, ಮೊದಲು ಅವನ್ನೇ ಸ್ಕ್ಯಾನ್ ಮಾಡಿಸಿ. ಬೂಸಲು ಕಂಡರೆ ನೀರಿನಲ್ಲಿ ತೊಳೆಯಲು ಹೋಗಬೇಡಿ, ಚಿತ್ರವಿರುವ ಪದರವೇ ಎದ್ದು ಬರಬಹುದು. ಕ್ಲಿಕ್ ಕ್ಯಾಮೆರಾದ 120 ಫಿಲ್ಮಿನಲ್ಲಿ ಒಂದೊಂದು ನೆಗೆಟಿವ್ ಸುಮಾರು 6 ಸೆಂಟಿಮೀಟರ್ ಚೌಕವಾಗಿರುತ್ತದೆ. ಇಂಚಿಗೆ 2400ರಂತೆ ಸ್ಕ್ಯಾನ್ ಮಾಡಿಸಿದರೆ ಪ್ರತಿ ಬದಿಗೆ 5000ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ, 12 ಇಂಚಿನ ಚೌಕ ಪ್ರಿಂಟಿಗೆ ಅದು ಬೇಕಾದಷ್ಟಾಯಿತು. ಸಾಮಾನ್ಯ ಜೆರಾಕ್ಸ್ ಅಂಗಡಿಯ ಸ್ಕ್ಯಾನರ್‌ನಲ್ಲಿ ಇದು ಆಗುವುದಿಲ್ಲ, ಫಿಲ್ಮಿನ ಹಿಂದಿನಿಂದ ಬೆಳಕು ಹಾಯಿಸುವ ಸ್ಕ್ಯಾನರ್ ಬೇಕು. ಊರಿನ ಹಿರಿಯರಿಗೆ ಪ್ರಿಂಟ್‌ಗಳನ್ನು ತೋರಿಸಿ, ಯಾವ ಬೀದಿ, ಯಾರ ಅಂಗಡಿ ಎಂದು ಕೇಳಿ ಬರೆದಿಡಿ. ಆ ಕೆಲಸವನ್ನು ಮುಂದೂಡಬೇಡಿ.

ಪ್ರಶ್ನೆ: ನಾವು ಅಮೆರಿಕದ ಅಯೊವಾ ರಾಜ್ಯದಲ್ಲಿ ನೆಲೆಸಿದ್ದೇವೆ. ನಮ್ಮ ಮಗಳು ಇಲ್ಲಿಯ 4-ಎಚ್ ಮಕ್ಕಳ ಸಂಘದ ಮೂಲಕ ಜಿಲ್ಲಾಮಟ್ಟದ ವಸ್ತುಪ್ರದರ್ಶನವಾದ ಕೌಂಟಿ ಫೇರ್‌ಗೆ ಒಂದು ಛಾಯಾಚಿತ್ರ ಕೊಟ್ಟಿದ್ದಳು. ನೀಲಿ ರಿಬ್ಬನ್ ಬಂತು. ಊರಿಗೆಲ್ಲ ಫೋನ್ ಮಾಡಿ ಮೊದಲ ಬಹುಮಾನ ಎಂದು ಹೇಳಿದೆವು. ಹೋಗಿ ನೋಡಿದರೆ ಇನ್ನೂ ಅನೇಕ ಮಕ್ಕಳ ಚಿತ್ರಗಳಿಗೆ ನೀಲಿ ರಿಬ್ಬನ್ ಇದೆ. ಇದರ ಅರ್ಥವೇನು?
ಓದುಗರೊಬ್ಬರು, ಡಿ ಮೊಯ್ನ್

ಉತ್ತರ: ಮಗಳಿಗೆ ಅಭಿನಂದನೆಗಳು, ಹೆಮ್ಮೆಯನ್ನು ಕಡಿಮೆ ಮಾಡಿಕೊಳ್ಳಬೇಕಾದ ಕಾರಣವೇನೂ ಇಲ್ಲ. ಅಲ್ಲಿಯ 4-ಎಚ್ ಪ್ರದರ್ಶನಗಳಲ್ಲಿ ಡ್ಯಾನಿಶ್ ಪದ್ಧತಿ ಎಂಬ ಕ್ರಮ ಬಳಕೆಯಲ್ಲಿದೆ. ಅದರಲ್ಲಿ ಒಂದು ಚಿತ್ರವನ್ನು ಇನ್ನೊಂದರ ಜೊತೆ ಹೋಲಿಸುವುದಿಲ್ಲ, ಮೊದಲೇ ನಿಗದಿಪಡಿಸಿದ ಗುಣಮಟ್ಟದ ಜೊತೆ ಹೋಲಿಸುತ್ತಾರೆ. ಆ ಮಟ್ಟವನ್ನು ಚೆನ್ನಾಗಿ ಮುಟ್ಟಿದ ಎಲ್ಲದಕ್ಕೂ ನೀಲಿ, ಕೆಲವು ಕೊರತೆಗಳಿದ್ದರೆ ಕೆಂಪು, ಇನ್ನೂ ಸುಧಾರಿಸಬೇಕಾದದ್ದಕ್ಕೆ ಬಿಳಿ. ನೀಲಿ ಪಡೆದವುಗಳಲ್ಲಿ ಕೆಲವನ್ನು ಮಾತ್ರ ಮತ್ತೆ ಆರಿಸಿ, ಆಗಸ್ಟ್‌ನಲ್ಲಿ ನಿಮ್ಮದೇ ನಗರದಲ್ಲಿ ನಡೆಯುವ ರಾಜ್ಯಮಟ್ಟದ ಫೇರ್‌ಗೆ ಕಳುಹಿಸುತ್ತಾರೆ. ವಯಸ್ಕರ ಮುಕ್ತ ವಿಭಾಗಗಳಲ್ಲಿ ಮಾತ್ರ ಸಾಮಾನ್ಯವಾಗಿ ನೀಲಿ ಒಂದೇ ಇದ್ದು, ಅದು ಮೊದಲ ಸ್ಥಾನವಾಗಿರುತ್ತದೆ.

ಈ ಪದ್ಧತಿಯಲ್ಲಿ ತೀರ್ಪುಗಾರರು ಮಗುವನ್ನು ಎದುರಿಗೆ ಕೂರಿಸಿಕೊಂಡು ಈ ಚಿತ್ರ ಏಕೆ ತೆಗೆದೆ, ಬೆಳಕು ಎಲ್ಲಿಂದ ಬರುತ್ತಿತ್ತು, ಮತ್ತೊಮ್ಮೆ ತೆಗೆದರೆ ಏನು ಬದಲಿಸುತ್ತೀಯೆ ಎಂದು ಕೇಳಿ ಮಾತನಾಡುವ ರೂಢಿ ಇದೆ. ನಮ್ಮ ಜಾತ್ರೆಗಳ ಸ್ಪರ್ಧೆಗಳಲ್ಲಿ ಶಾಲಾ ಮಕ್ಕಳ ವಿಭಾಗಕ್ಕಾದರೂ ಇಂಥ ಅರ್ಧ ದಿನದ ಮಾತುಕತೆಯನ್ನು ಸೇರಿಸಬೇಕೆಂದು ಸಂಘಟಕರಲ್ಲಿ ನಮ್ಮ ವಿನಂತಿ. ಫಲಿತಾಂಶದ ಪಟ್ಟಿಯನ್ನು ಗೋಡೆಗೆ ಅಂಟಿಸಿ ಹೋಗುವ ಕ್ರಮದಲ್ಲಿ ಬಹುಮಾನ ಬರದ ಹುಡುಗನಿಗೆ ತನ್ನ ಚಿತ್ರದಲ್ಲಿ ಏನು ಕಡಿಮೆಯಾಯಿತೆಂದು ಎಂದೂ ತಿಳಿಯುವುದಿಲ್ಲ.

ಪ್ರಶ್ನೆ: ಬಹುಮಾನ ಬರದಿದ್ದರೆ ಪ್ರಿಂಟ್ ವಾಪಸ್ ಸಿಗುತ್ತದೆಯೇ? ಅದೇ ಚಿತ್ರವನ್ನು ಬೇರೆ ಸ್ಪರ್ಧೆಗೆ ಕಳುಹಿಸಬಹುದೇ?
ಓದುಗರೊಬ್ಬರು, ಹಾವೇರಿ

ಉತ್ತರ: ಅಂಚೆಯಲ್ಲಿ ಹಿಂದಿರುಗಿಸುವವರು ಕಡಿಮೆ. ಪ್ರದರ್ಶನ ಮುಗಿಯುವ ದಿನ ಸಂಜೆ ನೀವೇ ಹೋಗಿ ಕೇಳಿ ತೆಗೆದುಕೊಳ್ಳುವುದು ಉತ್ತಮ. ಶಾಮಿಯಾನ ಬಿಚ್ಚಿದ ಮೇಲೆ ಹೋದರೆ ಪ್ರಿಂಟ್‌ಗಳು ಎಲ್ಲಿ ಹೋದವೆಂದು ಹೇಳುವವರೂ ಇರುವುದಿಲ್ಲ. ‘ಹಿಂದೆ ಬಹುಮಾನ ಪಡೆದ ಚಿತ್ರ ಕೂಡದು’ ಎಂಬ ನಿಯಮ ಬಹುಮಾನ ಬಂದ ಚಿತ್ರಕ್ಕೆ ಅನ್ವಯಿಸುತ್ತದೆ, ನಿಮ್ಮದಕ್ಕಲ್ಲ. ಬೇರೆ ಸ್ಪರ್ಧೆಗೆ ಧಾರಾಳವಾಗಿ ಕಳುಹಿಸಿ. ಬೆಂಗಳೂರಿನಲ್ಲಿ 1971ರಿಂದ ಇರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿಗಳ ಸಂಘಗಳೂ ಸ್ಪರ್ಧೆಗಳನ್ನು ನಡೆಸುತ್ತವೆ. ಕಳುಹಿಸುವ ಮೊದಲು ಮೂಲ ಫೈಲಿನ ಒಂದು ಪ್ರತಿಯನ್ನು ಮೊಬೈಲಿನ ಹೊರಗೆ ಇನ್ನೊಂದು ಕಡೆ ಇಟ್ಟುಕೊಳ್ಳಿ, ಪ್ರವೇಶಪತ್ರದ ನಕಲನ್ನೂ ಅದರ ಜೊತೆಗೇ ಇಡಿ.